ಹೆಸರಿನ ಮುಂದೆ ಬರೆದದ್ದು
ಸಿದ್ದಾಪುರದ ಆ ಅಂಗನವಾಡಿ ಟೀಚರ್ ಮಕ್ಕಳೊಡನೆ ನಿಂತು ಮಾತಾಡಿದ್ದನ್ನು ನಾನು ಕಾಣೆ. ಮಂಡಿಯೂರಿ ಕೂತು, "ನಿಧಾನಕ್ಕೆ ಹೇಳು ಮಗಾ" ಎನ್ನುತ್ತಿದ್ದರು.

ಮೇಲ್ವಿಚಾರಕಿಯಾಗಿ ನಾನು ತಪಾಸಣೆಗೆ ಹೋದ ದಿನ, ಕಾಫಿ ಎಸ್ಟೇಟಿನ ಕೂಲಿ ಲೈನ್‌ಮನೆಯ ಅಸ್ಸಾಮಿ ಮಗುವೊಂದಕ್ಕೆ ಚಿತ್ರ ತೋರಿಸಿ ಇದೇನೆಂದು ಕನ್ನಡದಲ್ಲಿ ಕೇಳಿದೆ. ಅದು ಬಾಯಿ ಬಿಡಲಿಲ್ಲ. ವರದಿಯಲ್ಲಿ ಅದರ ಹೆಸರಿನ ಮುಂದೆ 'ಮಾತು ಬರುವುದಿಲ್ಲ' ಎಂದು ಬರೆದೆ.

ಟೀಚರ್ ಅದನ್ನು ಓದಿದರು. ತೂಕದ ಚಾರ್ಟಿನ ಹಿಂಬದಿಯಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟುಕೊಂಡಿದ್ದ ಅಸ್ಸಾಮಿ ಪದಗಳನ್ನು ನೋಡಿಕೊಂಡು, ಮಂಡಿಯೂರಿ, ತಡವರಿಸುತ್ತಾ ಏನೋ ಕೇಳಿದರು. ಮಗು ಮಾತಾಡಲು ಶುರುಮಾಡಿದ್ದು ನಿಲ್ಲಿಸಲೇ ಇಲ್ಲ.

"ಏನಂತೆ?" ಎಂದೆ.

"ನಂಗೂ ಪೂರ್ತಿ ಗೊತ್ತಾಗ್ಲಿಲ್ಲ ಮೇಡಂ. ನೀವು ಬರೆದಿದ್ದು ಹಾಗೇ ಇರ್ಲಿ. ಮಗು ಹೆಸ್ರು ಹೊಡೆದು, ನಮ್ಮಿಬ್ರ ಹೆಸ್ರು ಬರೀರಿ."