ಘಟ್ಟದ ಮೇಲಿನ ಹುಳಿ

ನನ್ನ ಬಾಣಂತನಕ್ಕೆಂದು ಅವ್ವ ಕಪಿಲೆ ಹೊಳೆ ಸೀಮೆಯ ನಮ್ಮೂರು ಹದಿನಾರಿನಿಂದ ಮಸ್ಕತ್ತಿಗೆ ಬಂದಿದ್ದಳು. ನಾನು ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮಗುವನ್ನು ನೋಡಲು ಬಂದ ಪಕ್ಕದ ಮನೆಯ ಒಮಾನಿ ಅಜ್ಜಿ ಒಂದು ಬೋಗುಣಿ ಮೀನಿನ ಸಾರು ತಂದಳು. ಬಂದಾಗಿನಿಂದ ಹೊರಗಿನ ಅಡುಗೆ ಮುಟ್ಟದಿದ್ದ ಅವ್ವ ನನ್ನ ಬಲವಂತಕ್ಕೆ ಬೆರಳದ್ದಿ ನೆಕ್ಕಿದಳು. ಮತ್ತೊಮ್ಮೆ ನೆಕ್ಕಿದಳು.

"ನಮ್ ಕಪಿಲೆ ಮೀನ್ಸಾರಿನಂಗೇ ಅದೆ ಕಣವ್ವ. ಉಣ್ಸೆಅಣ್ಣು ಆಕವ್ರೆ. ಎಲ್ಲಿಂದ ತಂದ್ರು ಕೇಳು."

ಅಜ್ಜಿಗೆ ಹಿಂದಿ ಬರುತ್ತಿತ್ತು. ಹುಣಸೆಗೆ ಅರಬ್ಬಿಯಲ್ಲಿ 'ತಮರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ ಅನ್ನುತ್ತಾರಂತೆ. ಅವಳ ತಾತ ಹಾಯಿಹಡಗಿನಲ್ಲಿ ಖರ್ಜೂರ ತುಂಬಿಕೊಂಡು ಮಂಗಳೂರಿಗೆ ಹೋಗಿ, ಮಳೆಗಾಲಕ್ಕೆ ಮುಂಚೆ ಅಕ್ಕಿ, ಮೆಣಸು, ಏಲಕ್ಕಿ, ಹುಣಸೆ ಹೇರಿಕೊಂಡು ಮರಳುತ್ತಿದ್ದನಂತೆ. ಒಳ್ಳೆಯ ಹುಣಸೆ ಘಟ್ಟದ ಮೇಲಿಂದ ಇಳಿದು ಬರುತ್ತದೆ ಎಂದು ಅವನು ಹೇಳುತ್ತಿದ್ದನಂತೆ.

ನಾನು ಕನ್ನಡದಲ್ಲಿ ಹೇಳಿದ್ದೇ ಅವ್ವ ನೆಟ್ಟಗೆ ಕೂತಳು.

"ಗಟ್ಟದ ಮ್ಯಾಲೆ ಅಂದ್ರೆ ನಾವೇ ಅಲ್ವಾ?"

ಪ್ರಾಯದಲ್ಲಿ ಬೇಸಿಗೆ ಬಂತೆಂದರೆ ಅವಳು ಕೂಲಿಗೆ ಹೋಗಿ ಹುಣಸೆ ಕುಟ್ಟಿದವಳು. ಎದ್ದು ಒಳಗೆ ಹೋಗಿ, ಊರಿಂದ ತಂದಿದ್ದ ಒಂದು ಹುಣಸೆ ಉಂಡೆಯನ್ನು ಅಜ್ಜಿಯ ಕೈಗಿಟ್ಟಳು. "ನಾನೇ ಕುಟ್ಟಿದ್ದು ಅಂತೇಳು."

ಶುಕ್ರವಾರ ಅಜ್ಜಿ ನಮ್ಮನ್ನು ಊಟಕ್ಕೆ ಕರೆದಳು. ಚಾಪೆಯ ನಡುವೆ ಒಂದೇ ದೊಡ್ಡ ತಟ್ಟೆಯಲ್ಲಿ ಏಲಕ್ಕಿ ಘಮದ ಅನ್ನ, ಹುರಿದ ಮೀನು, ಬಟ್ಟಲಲ್ಲಿ ಹುಣಸೆ ಗೊಜ್ಜು. ಮನೆಯ ಹೆಂಗಸರು ಸುತ್ತ ಕೂತರು. ಅವ್ವ ನಿಂತೇ ಇದ್ದಳು.

"ನಂಗ್ಯಾವ್ ತಟ್ಟೆ?" ಎಂದು ಮೆಲ್ಲಗೆ ಕೇಳಿದಳು.

"ಇದೇ ಕಣವ್ವ. ಎಲ್ರುಗೂ ಒಂದೇ."

ಕೂಲಿಗೆ ಹೋದ ಕಡೆ ಜಗಲಿಯ ಕೆಳಗೆ, ಬೇರೆ ಲೋಟದಲ್ಲಿ ಕಾಫಿ ಕುಡಿದು ಬೆಳೆದವಳು ಅವ್ವ. ಅಜ್ಜಿ ಅವಳ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಮುಳ್ಳು ಬಿಡಿಸಿದ ಮೀನನ್ನು ಅವಳ ಕಡೆ ಸರಿಸಿ, ಈ ಗೊಜ್ಜಿನ ಹುಳಿ ಇವಳ ಕೈಯದ್ದು ಎಂದು ಎಲ್ಲರಿಗೂ ಹೇಳಿದಳು. ಅವ್ವ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಧಾನವಾಗಿ ಉಂಡಳು. ನನಗೆ, ಇವಳು ನನ್ನ ತಾಯಿ ಎಂದು ಕೂಗಿ ಹೇಳಬೇಕೆನಿಸಿತ್ತು.

ಹೊರಡುವಾಗ ಅಜ್ಜಿ ಒಂದು ಚೀಲ ಒಣಗಿಸಿದ ನಿಂಬೆಹಣ್ಣು ಕೊಟ್ಟಳು. ಊರಿಗೆ ಮರಳಿದ ಅವ್ವ ಹೋದ ತಿಂಗಳು ಆ ನಿಂಬೆ ಹಾಕಿ ಅಜ್ಜಿ ಮನೆಯ ಏಲಕ್ಕಿ ಅನ್ನವನ್ನೂ ಹುಣಸೆ ಗೊಜ್ಜನ್ನೂ ಮಾಡಿದ್ದಳಂತೆ. ತಿ. ನರಸೀಪುರದಿಂದ ಬಂದಿದ್ದ ಚಿಕ್ಕಮ್ಮ, ಇದು ಯಾವೂರ ಊಟ ಎಂದು ಕೇಳಿದಳಂತೆ.

"ಅರಬ್ಬರದು," ಅಂದಳಂತೆ ಅವ್ವ. "ಅದ್ರಲ್ಲಿ ಅರ್ಧ ನಮ್ದೇ ಕಣೇ."