ಹಗಲು ಓದಿದ ಕಥೆ

ಎಪ್ಪತ್ತರ ದಶಕದಲ್ಲಿ ಶಾಲೆಗಳಿಗೆ ಚಿತ್ರಪುಸ್ತಕ ಹಂಚುವ ಕೆಲಸ ನನ್ನದು. ಒಂದು ಮಧ್ಯಾಹ್ನ ಆಲಮೇಲದ ಶಾಲೆಯಲ್ಲಿ ತೋಳ ಮತ್ತು ಕುರಿಮರಿಯ ಹಳೆಯ ಕಥೆಯ ಪುಸ್ತಕ ತೆಗೆದೆ. ಮುಂದೆ ಕೂತಿದ್ದ ಹುಡುಗಿ ಎದ್ದು ನಿಂತಳು.

"ಹಗಲೊತ್ತು ಕಥಿ ಹೇಳಬ್ಯಾಡ್ರಿ ಸರ. ಸ್ವಾದರಮಾವ ದಾರಿ ತಪ್ತಾನಂತ. ನಮ್ಮ ಮಾವ ಇವತ್ತ ತಾಳಿಕೋಟಿಯಿಂದ ಬರಾಕತ್ತಾನ."

"ನಾ ಹೇಳಾಕತ್ತಿಲ್ಲವ್ವಾ, ಓದಾಕತ್ತೇನಿ," ಎಂದೆ.

ಆಕೆ ಒಪ್ಪಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡು ಚಿತ್ರಗಳನ್ನಷ್ಟೇ ನೋಡಿದಳು. ಕಥೆ ಮುಗಿಯುವ ಮೊದಲೇ ಆಕೆಯ ಮಾವ ಬಾಗಿಲಲ್ಲಿ ಬಂದು ನಿಂತ.

"ಬಂದನಲ್ಲವ್ವಾ ನಿಮ್ಮ ಮಾವ," ಎಂದೆ, ಗೆದ್ದವನ ಹಾಗೆ.

"ನಾ ಕಥಿ ಕೇಳೇ ಇಲ್ಲಲ್ರಿ," ಅಂದಳು.

ಆ ಸಂಜೆ ಮುದ್ದೇಬಿಹಾಳದ ಅಕ್ಕನ ಮನೆಗೆ ಹೊರಟವನು, ಸಿಂದಗಿಯಲ್ಲಿ ಬೋರ್ಡು ನೋಡದೆ ಬಸ್ಸು ಹತ್ತಿ ಇಂಡಿಯಲ್ಲಿ ಇಳಿದೆ. ಅಕ್ಕನಿಗೆ ಇಬ್ಬರು ಮಕ್ಕಳು. ಅವರಿಗೆ ಸೋದರಮಾವ ಅಂತ ಇರುವವನು ನಾನೊಬ್ಬನೇ.