ಅಕ್ಕನ ವರದಿ, ತಂಗಿಯ ಪಾಲು

ಕೋವಿಡ್ ತಣ್ಣಗಾದ ಮರುವರ್ಷ ನಾನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರರೋಗ ತಜ್ಞೆಯಾಗಿದ್ದೆ. ಕಮಲಾಪುರದಲ್ಲಿ ಗಂಡನೊಡನೆ ಕೆಂಪು ಬಾಳೆ ಬೆಳೆಯುತ್ತಿದ್ದ ನೀಲಮ್ಮನವರನ್ನು ಮಗ ಬಸವರಾಜ ಕರೆತಂದ. ಅರವತ್ತು ದಾಟಿದ ಆಕೆ ತೋಟದಿಂದ ಮನೆಗೆ ಬರುವ ದಾರಿಯನ್ನೇ ಮರೆಯತೊಡಗಿದ್ದರು. ಜೊತೆಗೆ ಬಂದಾಕೆಯನ್ನು ಕಂಡು ಬೆರಗಾದೆ. ಅದೇ ಮುಖ, ಅದೇ ನಗು. ಅವರು ಅವಳಿ ತಂಗಿ ಶರಣಮ್ಮ, ನಿವೃತ್ತ ಗಣಿತ ಶಿಕ್ಷಕಿ. ಬಸವರಾಜ ಶಾಲೆಯ ದಿನಗಳಿಂದಲೂ ಕಲಬುರಗಿಯ ಸ್ಟೇಶನ್ ಬಜಾರದ ಈ ಚಿಕ್ಕಮ್ಮನ ಮನೆಯಲ್ಲೇ ಬೆಳೆದವನು. ಈಗಲೂ ಅಲ್ಲೇ ಇದ್ದುಕೊಂಡು ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದ.

ಪರೀಕ್ಷೆಗಳ ನಂತರ ಆಲ್‌ಝೈಮರ್ ಎಂದು ಖಚಿತವಾಯಿತು. ತನಗೂ ಬಂದೀತೇ ಎಂಬ ಭಯಕ್ಕೆ ಬಸವರಾಜ ತಾಯಿಯ ಜೀನ್ ಪರೀಕ್ಷೆಗೆ ಹಟ ಹಿಡಿದ. ನೀಲಮ್ಮ ಒಪ್ಪಿದರೂ ನಾನು ತಡೆದೆ. ಒಂದೇ ಅಂಡದ ಅವಳಿಗಳ ಜೀನ್‌ಗಳು ಒಂದೇ. ಅಕ್ಕನ ವರದಿ ಎಂದರೆ ತಂಗಿಯದೂ ಹೌದು. ಶರಣಮ್ಮನವರನ್ನು ಕೇಳಲೇಬೇಕಿತ್ತು.

ಜೀನ್ ಒಂದೇ ಆದರೆ ತನಗೇಕೆ ಬಂದಿಲ್ಲ ಎಂದು ಅವರು ಕೇಳಿದರು. ಜೀನ್ ಇದ್ದರಷ್ಟೇ ಆಗದು, ಮಿದುಳಿನ ಕೋಶಗಳು ಅದನ್ನು ಎಷ್ಟು ಬಳಸುತ್ತವೆ ಎಂಬುದೂ ಮುಖ್ಯ ಎಂದೆ. ಇದನ್ನೇ ಜೀನ್ ಎಕ್ಸ್‌ಪ್ರೆಶನ್ ಎನ್ನುತ್ತೇವೆ. ವಯಸ್ಸಾದಂತೆ ಅದು ಅವಳಿಗಳಲ್ಲೂ ಬೇರೆಯಾಗುತ್ತದೆ, ಅಪಾಯವೂ ಹೆಚ್ಚುಕಡಿಮೆ ಆಗಬಹುದು. ಆದರೆ ಅವರ ಮಿದುಳಿನಲ್ಲಿ ಅದು ಹೇಗಿದೆಯೆಂದು ನಾನು ಮಾಡಿಸುವ ರಕ್ತಪರೀಕ್ಷೆ ಹೇಳಲಾರದು.

"ಹುಡುಗನ ಸಲುವಾಗಿ ಮಾಡ್ರಿ," ಎಂದರು. "ಆದ್ರ ನಂಗ ಹೇಳಬ್ಯಾಡ್ರಿ."

ಅಪಾಯ ಹೆಚ್ಚಿಸುವ ಎಪಿಒಇ-4 ಜೀನ್‌ನ ಎರಡು ಪ್ರತಿಗಳು ವರದಿಯಲ್ಲಿದ್ದವು. ಹಾಗಾಗಿ ತಾಯಿಯಿಂದ ಮಗನಿಗೆ ಒಂದಂತೂ ಬಂದೇ ಇತ್ತು. ಇದು ಕಾಯಿಲೆಯ ತೀರ್ಪಲ್ಲ ಎಂದು ಬಿಡಿಸಿ ಹೇಳಿದೆ. ಬಸವರಾಜ ತಲೆಯಾಡಿಸಿ ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಕೆಲವು ತಿಂಗಳಿಗೆ ಶರಣಮ್ಮ ಒಬ್ಬರೇ ಬಂದರು. ಬಸವರಾಜ ವರದಿಯ ಬಗ್ಗೆ ಅವರೆದುರು ಒಂದಕ್ಷರವನ್ನೂ ಬಾಯಿಬಿಟ್ಟಿರಲಿಲ್ಲ. ಆದರೆ ಊಟಕ್ಕೆ ಕೂತಾಗ ಇವತ್ತು ಯಾವ ವಾರ ಎಂದು ಕೇಳುತ್ತಿದ್ದನಂತೆ. ಯಾರದೋ ಹೆಸರು ನೆನಪಾಗದೆ ಅವರು ತಡವರಿಸಿದರೆ ಅವನ ಕೈಯ ತುತ್ತು ಅಲ್ಲೇ ನಿಲ್ಲುತ್ತಿತ್ತು. ನಾನು ಅವರ ನೆನಪಿನ ಶಕ್ತಿಯನ್ನು ಪರೀಕ್ಷಿಸಿದೆ, ಎಲ್ಲ ಸರಿಯಿತ್ತು. ಹಾಗೆಂದರೂ ಅವರ ಮುಖ ತಿಳಿಯಾಗಲಿಲ್ಲ.

ಮುಂದಿನ ಸಲ ಶರಣಮ್ಮ ನೀಲಮ್ಮನವರ ಕೈಹಿಡಿದು ಕರೆತಂದಾಗ, ತಾವು ಮನೆ ಬಿಟ್ಟು ಕಮಲಾಪುರದಲ್ಲೇ ಅಕ್ಕನ ಆರೈಕೆಗೆ ನಿಂತಿರುವುದಾಗಿ ತಿಳಿಸಿದರು. ಸಾಕಿದ ಹುಡುಗನನ್ನು ಬಿಟ್ಟು ಹೋದದ್ದೇಕೆ ಎಂದು ಕೇಳಿದೆ.

"ಅಂವ ನನ್ನ ನೋಡೋದು ಬಿಟ್ಟು ನನ್ನ ಪರೀಕ್ಷೆ ಮಾಡಾಕತ್ತಿದ್ದ ರೀ," ಎಂದರು. "ನಮ್ಮ ನೀಲಾ ಒಬ್ಬಾಕಿನೇ ಹಂಗ ಮಾಡಂಗಿಲ್ಲ."

ಇಂದು ಜೀನ್ ಪರೀಕ್ಷೆ ಕೇಳಿ ಬಂದವರಿಗೆ ಅಪಾಯದ ಲೆಕ್ಕ ಹೇಳುವ ಮೊದಲು, ಇದನ್ನು ತಿಳಿದುಕೊಂಡು ಮನೆಯವರ ಜೊತೆ ಹೇಗೆ ಬಾಳುತ್ತೀರಿ ಎಂದು ಕೇಳುತ್ತೇನೆ. ಹೆಚ್ಚಿನವರು ಅದನ್ನು ಯೋಚಿಸಿರುವುದಿಲ್ಲ. ಆಗ ರಕ್ತ ತೆಗೆಯಲು ಅವಸರ ಮಾಡುವುದಿಲ್ಲ.